ಕ್ರೀಡಾಂಗಣಗಳಲ್ಲಿ ಆಹಾರ ಮತ್ತು ಪಾನೀಯ

ಕ್ರೀಡಾಂಗಣಗಳಲ್ಲಿ ಆಹಾರ ಮತ್ತು ಪಾನೀಯ ಎಂಬ ವಿಷಯವು, ಪಂದ್ಯ ನೋಡಲು ಬರುವ ಪ್ರೇಕ್ಷಕರು ತಮ್ಮೊಡನೆ ಯಾವ ತಿಂಡಿತೀರ್ಥಗಳನ್ನು ಒಳಗೆ ತರಬಹುದು, ಒಳಗಿನ ಮಳಿಗೆಗಳಲ್ಲಿ ಏನನ್ನು ಯಾವ ಬೆಲೆಗೆ ಕೊಳ್ಳಬೇಕಾಗುತ್ತದೆ ಮತ್ತು ಇವನ್ನು ನಿಯಂತ್ರಿಸುವ ನಿಯಮಗಳು ಯಾವುವು ಎಂಬುದಕ್ಕೆ ಸಂಬಂಧಿಸಿದೆ. ಬಹುತೇಕ ದೊಡ್ಡ ಕ್ರೀಡಾಂಗಣಗಳು ಇಂದು ಹೊರಗಿನ ಆಹಾರವನ್ನು ಪೂರ್ಣವಾಗಿ ಅಥವಾ ಭಾಗಶಃ ನಿರ್ಬಂಧಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ ಸುರಕ್ಷತೆ, ಮದ್ಯದ ನಿಯಂತ್ರಣ ಮತ್ತು ಮಳಿಗೆಗಳ ಆದಾಯ ಎಂಬ ಮೂರು ಕಾರಣಗಳಿರುತ್ತವೆ. ದ್ವಾರದ ಬಳಿ ಹಾಕಿದ ಫಲಕದಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಬೆರೆತಿರುವುದರಿಂದ, ಯಾವ ವಸ್ತುವನ್ನು ಯಾವ ಕಾರಣಕ್ಕಾಗಿ ತಡೆಯಲಾಗಿದೆ ಎಂಬುದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ. ಈ ಗೊಂದಲದ ಪರಿಣಾಮವು ಹೆಚ್ಚಾಗಿ ಕಾಣುವುದು ಕುಡಿಯುವ ನೀರಿನ ವಿಷಯದಲ್ಲಿ.

ಪ್ರಾಚೀನ ಕಾಲ

ಆಟ ನೋಡುತ್ತ ತಿನ್ನುವ ರೂಢಿಯು ಕ್ರೀಡಾಂಗಣಗಳಷ್ಟೇ ಹಳೆಯದು. ರೋಮ್ ನಗರದ ಕೊಲೋಸಿಯಂನ ಚರಂಡಿಗಳಲ್ಲಿ ನಡೆಸಿದ ಉತ್ಖನನದಲ್ಲಿ ಅಂಜೂರ, ದ್ರಾಕ್ಷಿ ಮತ್ತು ಕರಬೂಜದ ಬೀಜಗಳು, ಆಲಿವ್ ಹಣ್ಣಿನ ಗೊರಟೆಗಳು, ಆಕ್ರೋಟಿನ ಸಿಪ್ಪೆಗಳು ದೊರೆತಿವೆ. ಇವು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಪ್ರೇಕ್ಷಕರು ತಿಂದು ಎಸೆದ ಉಳಿಕೆಗಳೆಂದು ಪುರಾತತ್ತ್ವಜ್ಞರು ಗುರುತಿಸಿ 2022ರಲ್ಲಿ ಪ್ರಕಟಿಸಿದರು. ಅದೇ ಚರಂಡಿಗಳಲ್ಲಿ ಕಣಕ್ಕೆ ಬಿಡಲಾಗುತ್ತಿದ್ದ ಕರಡಿ ಮುಂತಾದ ಪ್ರಾಣಿಗಳ ಮೂಳೆಗಳೂ ಸಿಕ್ಕಿವೆ.

ಪೊಂಪೇಯಿ ನಗರದ ವರ್ತುಲ ರಂಗಮಂದಿರದ ಹೊರಗೋಡೆಯ ಕಮಾನುಗಳಲ್ಲಿ, ನಗರಾಧಿಕಾರಿಗಳ ಅನುಮತಿಯಿಂದ ಇಂತಹವನು ಇಲ್ಲಿ ವ್ಯಾಪಾರಕ್ಕೆ ಕುಳಿತಿದ್ದಾನೆ ಎಂಬ ಅರ್ಥದ ಬಣ್ಣದ ಬರಹಗಳಿದ್ದವು. ಕ್ರಿ.ಶ. 59ರಲ್ಲಿ ಅಲ್ಲಿ ಪೊಂಪೇಯಿ ಮತ್ತು ನುಸೇರಿಯಾ ಊರುಗಳ ಪ್ರೇಕ್ಷಕರ ನಡುವೆ ನಡೆದ ಗಲಭೆಯನ್ನು ಚಿತ್ರಿಸಿದ ಭಿತ್ತಿಚಿತ್ರವೊಂದು ಉಳಿದು ಬಂದಿದ್ದು, ಅದರಲ್ಲಿ ಕಟ್ಟಡದ ಹೊರಗೆ ನೆರಳು ಕಟ್ಟಿದ ಮಳಿಗೆಗಳನ್ನು ಕಾಣಬಹುದು. ವ್ಯಾಪಾರಿಗೆ ಸ್ಥಳ ಗೊತ್ತುಮಾಡಿ ಅನುಮತಿ ಕೊಡುವ ಪದ್ಧತಿಯು ಆಗಲೇ ಇತ್ತೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ರೋಮನ್ ವಾಗ್ಮಿ ಕ್ವಿಂಟಿಲಿಯನ್ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಪ್ರದರ್ಶನದ ನಡುವೆ ಪಾನ ಮಾಡುತ್ತಿದ್ದ ಒಬ್ಬ ಗಣ್ಯನಿಗೆ ಚಕ್ರವರ್ತಿ ಆಗಸ್ಟಸ್, ತನಗೆ ಊಟ ಬೇಕಾದರೆ ತಾನು ಮನೆಗೆ ಹೋಗುವುದಾಗಿ ಹೇಳಿಕಳುಹಿಸಿದನಂತೆ. ಎದ್ದುಹೋದರೂ ಚಕ್ರವರ್ತಿಯ ಆಸನವು ಕೈತಪ್ಪುವ ಭಯವಿಲ್ಲ ಎಂದು ಆ ಗಣ್ಯನು ಮರುನುಡಿದನು. ಒಮ್ಮೆ ಒಳಗೆ ಬಂದು ಕುಳಿತವನು ಸುಲಭವಾಗಿ ಹೊರಗೆ ಹೋಗಿ ಬರಲಾರ ಎಂಬ ಸಂಗತಿಯು ಈ ಉತ್ತರದಲ್ಲಿದೆ. ಇಂದಿನ ಮಳಿಗೆಗಳ ವ್ಯಾಪಾರವೂ ಇದನ್ನೇ ಆಧರಿಸಿದೆ.

ಮಳಿಗೆ ವ್ಯಾಪಾರದ ಬೆಳವಣಿಗೆ

ಕ್ರೀಡಾಂಗಣದೊಳಗೆ ಆಹಾರ ಮಾರುವ ಹಕ್ಕನ್ನು ಒಬ್ಬ ಗುತ್ತಿಗೆದಾರನಿಗೆ ವಹಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಬೆಳೆಯಿತು. ಇಂಗ್ಲೆಂಡಿನಿಂದ ಓಹಾಯೋ ರಾಜ್ಯಕ್ಕೆ ವಲಸೆ ಹೋಗಿದ್ದ ಹ್ಯಾರಿ ಎಂ. ಸ್ಟೀವನ್ಸ್ ಮೊದಲು ಆಟಗಾರರ ಹೆಸರುಗಳಿದ್ದ ಅಂಕಪಟ್ಟಿಯನ್ನು ಮುದ್ರಿಸಿ ಮಾರುತ್ತಿದ್ದನು. ಅನಂತರ ಆಹಾರ ಮಾರಾಟಕ್ಕೆ ಕೈಹಾಕಿ, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಸೇರಿದಂತೆ ಅನೇಕ ಮೈದಾನಗಳ ಗುತ್ತಿಗೆಯನ್ನು ಪಡೆದನು. ಹಾಟ್ ಡಾಗ್ ಎಂಬ ಹೆಸರು ಅವನ ಮಳಿಗೆಯಲ್ಲಿಯೇ ಹುಟ್ಟಿತೆಂಬ ಕಥೆಯು ಪ್ರಚಲಿತದಲ್ಲಿದ್ದರೂ ಆ ಪದವು ಅದಕ್ಕಿಂತ ಮೊದಲೇ ಬಳಕೆಯಲ್ಲಿತ್ತು.

ಕುಳಿತಲ್ಲೇ, ತಟ್ಟೆ ಚಮಚಗಳಿಲ್ಲದೆ, ಆಟದಿಂದ ಕಣ್ಣು ತೆಗೆಯದೆ ತಿನ್ನಬಹುದಾದ ಪದಾರ್ಥಗಳು ಕ್ರೀಡಾಂಗಣದ ತಿನಿಸುಗಳಾಗಿ ನೆಲೆಗೊಂಡವು. ಅಮೆರಿಕದಲ್ಲಿ ಹುರಿದ ಕಡಲೆಕಾಯಿ, ಬ್ರಿಟನ್ನಿನ ಫುಟ್‌ಬಾಲ್ ಮೈದಾನಗಳಲ್ಲಿ ಮಾಂಸದ ಪೈ ಮತ್ತು ಬಿಸಿಯಾದ ಬೋವ್ರಿಲ್ ಇದಕ್ಕೆ ಉದಾಹರಣೆಗಳು. ಮೆಕ್ಸಿಕೋ ಮೂಲದ ನಾಚೋಸ್ ಕ್ರೀಡಾಂಗಣವನ್ನು ಪ್ರವೇಶಿಸಿದ್ದು 1976ರಲ್ಲಿ, ಟೆಕ್ಸಾಸಿನ ಆರ್ಲಿಂಗ್‌ಟನ್ ಕ್ರೀಡಾಂಗಣದಲ್ಲಿ. ಫ್ರಾಂಕ್ ಲಿಬರ್ಟೋ ಎಂಬ ವ್ಯಾಪಾರಿಯು ಕರಗಿಸಿದ ಗಿಣ್ಣಿನ ಬದಲು ಪಂಪಿನಿಂದ ಸುರಿಯಬಹುದಾದ ಗಿಣ್ಣಿನ ಸಾರನ್ನು ಬಳಸಿದುದರಿಂದ ಪ್ರತಿ ಗಿರಾಕಿಗೆ ತಗಲುವ ಸಮಯ ಬಹಳ ಕಡಿಮೆಯಾಯಿತು. ವಿರಾಮವು ಹತ್ತು ಹದಿನೈದು ನಿಮಿಷಗಳಷ್ಟೇ ಇರುವಾಗ ಸಾವಿರಾರು ಜನರ ಸಾಲನ್ನು ಕರಗಿಸಬೇಕಾದ ಮಳಿಗೆಗೆ ರುಚಿಗಿಂತ ವೇಗವೇ ಮುಖ್ಯ. ಕ್ರೀಡಾಂಗಣದ ಊಟದ ಬಗ್ಗೆ ಕೇಳಿಬರುವ ದೂರುಗಳಲ್ಲಿ ಅರ್ಧದಷ್ಟಾದರೂ ಈ ಒತ್ತಡದಿಂದ ಹುಟ್ಟಿದವು ಎನ್ನಬಹುದು.

ಸುರಕ್ಷತೆ

ಹೊರಗಿನ ಪದಾರ್ಥಗಳನ್ನು ತಡೆಯುವುದಕ್ಕೆ ಕೊಡಲಾಗುವ ಮೊದಲ ಕಾರಣ, ಅವುಗಳನ್ನು ಮೈದಾನಕ್ಕೆ ಎಸೆಯಬಹುದು ಎಂಬುದು. ಭಾರತದಲ್ಲಿ ಈ ಆತಂಕಕ್ಕೆ ಗಟ್ಟಿಯಾದ ಆಧಾರಗಳಿವೆ. 1996ರ ಮಾರ್ಚ್ 13ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾದ 251 ರನ್ನುಗಳನ್ನು ಬೆನ್ನಟ್ಟಿದ ಭಾರತವು 8 ವಿಕೆಟ್‌ಗೆ 120 ರನ್ ಗಳಿಸಿದ್ದಾಗ ಪ್ರೇಕ್ಷಕರು ಬಾಟಲಿಗಳನ್ನು ಎಸೆದು ಆಸನಗಳಿಗೆ ಬೆಂಕಿ ಹಚ್ಚಿದರು. ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಕ್ಕೆ ಬಿಟ್ಟುಕೊಟ್ಟರು. ಅದೇ ಮೈದಾನದಲ್ಲಿ 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್ ಪಂದ್ಯದ ವೇಳೆ ಗಲಭೆಯಾದಾಗ ಪೊಲೀಸರು ಪ್ರೇಕ್ಷಕರನ್ನು ಹೊರಕ್ಕೆ ಕಳುಹಿಸಿದರು. ಪಂದ್ಯದ ಕೊನೆಯ ಭಾಗವು ಬಹುಮಟ್ಟಿಗೆ ಖಾಲಿಯಾದ ಕ್ರೀಡಾಂಗಣದಲ್ಲಿ ಮುಗಿಯಿತು. 2015ರ ಅಕ್ಟೋಬರ್ 5ರಂದು ಕಟಕ್‌ನ ಬಾರಾಬತಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಭಾರತ 92 ರನ್ನುಗಳಿಗೆ ಆಲೌಟ್ ಆದ ಟಿ20 ಪಂದ್ಯವೂ ಬಾಟಲಿ ಎಸೆತದಿಂದಾಗಿ ಎರಡು ಬಾರಿ ನಿಂತಿತು.

ಪ್ಲಾಸ್ಟಿಕ್ ಬಾಟಲಿಯ ಅಪಾಯವು ಅದರೊಳಗಿನ ನೀರಿನ ಭಾರದಲ್ಲಿದೆ. ಮುಚ್ಚಳ ಬಿಗಿದ ತುಂಬಿದ ಬಾಟಲಿಯು ದೂರಕ್ಕೆ ಹಾರಿ ಪೆಟ್ಟು ಮಾಡಬಲ್ಲದು; ಮುಚ್ಚಳವಿಲ್ಲದ ಬಾಟಲಿಯನ್ನು ಎಸೆದರೆ ನೀರು ಚೆಲ್ಲಿ ಅದು ಹಗುರಾಗುತ್ತದೆ. ಬ್ರಿಟನ್ನಿನ ಅನೇಕ ಫುಟ್‌ಬಾಲ್ ಮೈದಾನಗಳಲ್ಲಿ ಮಳಿಗೆಯವರು ಮುಚ್ಚಳವನ್ನು ತೆಗೆದಿಟ್ಟುಕೊಂಡು ಬಾಟಲಿಯನ್ನಷ್ಟೇ ಕೊಡುವುದು ಈ ಕಾರಣಕ್ಕೆ. ಭಾರತದ ಮೈದಾನಗಳಲ್ಲಿ ನೀರನ್ನು ಲೋಟಕ್ಕೆ ಸುರಿದು ಮಾರುವ ರೂಢಿ ಹೆಚ್ಚಾಗಿದೆ.

ಚೀಲಗಳ ತಪಾಸಣೆಯು ಇನ್ನೊಂದು ಅಂಶ. ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ 2013ರಲ್ಲಿ ಪಾರದರ್ಶಕ ಚೀಲಗಳನ್ನು ಮಾತ್ರ ಒಳಗೆ ಬಿಡುವ ನಿಯಮವನ್ನು ಜಾರಿಗೆ ತಂದಿತು. ಆಹಾರವನ್ನು ನೇರವಾಗಿ ನಿಷೇಧಿಸದಿದ್ದರೂ, ಚೀಲದ ಗಾತ್ರಕ್ಕೆ ಮಿತಿ ಹಾಕಿದಾಗ ಬುತ್ತಿಯ ಗಾತ್ರಕ್ಕೂ ಮಿತಿ ಬೀಳುತ್ತದೆ.

ಮದ್ಯ

1974ರ ಜೂನ್ 4ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಬೇಸ್‌ಬಾಲ್ ತಂಡವು ಪ್ರೇಕ್ಷಕರನ್ನು ಆಕರ್ಷಿಸಲು ಒಂದು ಲೋಟ ಬಿಯರನ್ನು ಹತ್ತು ಸೆಂಟಿಗೆ ಮಾರಿತು. 25,000ಕ್ಕೂ ಹೆಚ್ಚು ಜನ ಸೇರಿದ್ದ ಆ ರಾತ್ರಿ, ಅಂಕಗಳು 5–5ರ ಸಮದಲ್ಲಿದ್ದಾಗ ಕುಡಿದ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ಟೆಕ್ಸಾಸ್ ತಂಡದ ಆಟಗಾರರ ಮೇಲೆ ಬಿದ್ದರು. ಪಂದ್ಯವನ್ನು ಟೆಕ್ಸಾಸ್‌ಗೆ ಬಿಟ್ಟುಕೊಡಲಾಯಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಏಳನೆಯ ಇನ್ನಿಂಗ್ಸ್ ಹೊತ್ತಿಗೆ ಬಿಯರ್ ಮಾರಾಟ ನಿಲ್ಲಿಸುವುದು ಸಾಮಾನ್ಯ ಪದ್ಧತಿಯಾಗಿದೆ. 2023ರಲ್ಲಿ ಎಸೆತಗಳ ನಡುವಿನ ಸಮಯಕ್ಕೆ ಗಡಿಯಾರ ಹಾಕಿ ಪಂದ್ಯಗಳನ್ನು ಚಿಕ್ಕದಾಗಿಸಿದಾಗ ಕೆಲವು ತಂಡಗಳು ಈ ಗಡುವನ್ನು ಎಂಟನೆಯ ಇನ್ನಿಂಗ್ಸ್‌ಗೆ ಮುಂದೂಡಿದವು. ಗಡುವನ್ನು ನಿಗದಿಪಡಿಸುವಲ್ಲಿ ಸುರಕ್ಷತೆಯ ಜೊತೆಗೆ ವ್ಯಾಪಾರದ ಲೆಕ್ಕವೂ ಇದೆ ಎಂಬುದನ್ನು ಇದು ತೋರಿಸುತ್ತದೆ.

ಸ್ಕಾಟ್ಲೆಂಡಿನಲ್ಲಿ 1980ರ ಮೇ ತಿಂಗಳಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ತಂಡಗಳ ನಡುವಿನ ಸ್ಕಾಟಿಷ್ ಕಪ್ ಫೈನಲ್‌ನ ನಂತರ ಹ್ಯಾಂಪ್ಡನ್ ಪಾರ್ಕ್ ಮೈದಾನದಲ್ಲಿ ದೊಡ್ಡ ಹೊಡೆದಾಟವಾಯಿತು. ಅದೇ ವರ್ಷದ ಶಾಸನವು ಫುಟ್‌ಬಾಲ್ ಮೈದಾನಗಳಲ್ಲಿ ಮದ್ಯವನ್ನು ನಿರ್ಬಂಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1985ರ ಶಾಸನದ ಪ್ರಕಾರ, ನಿಗದಿತ ಫುಟ್‌ಬಾಲ್ ಪಂದ್ಯಗಳಲ್ಲಿ ಮೈದಾನ ಕಾಣುವಂತೆ ಕುಳಿತು ಮದ್ಯ ಸೇವಿಸುವುದು ಅಪರಾಧ. ಆದುದರಿಂದ ಅಲ್ಲಿನ ಅಭಿಮಾನಿಗಳು ಗ್ಯಾಲರಿಯ ಹಿಂಬದಿಯ ಹಜಾರದಲ್ಲಿ ನಿಂತು ಕುಡಿದು ಬರುತ್ತಾರೆ. ಈ ನಿಯಮವು ಕ್ರಿಕೆಟ್ ಮತ್ತು ರಗ್ಬಿ ಪಂದ್ಯಗಳಿಗೆ ಅನ್ವಯಿಸುವುದಿಲ್ಲ.

ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಈ ವಿಷಯವು ಆತಿಥೇಯ ದೇಶದ ಕಾನೂನು ಮತ್ತು ಪ್ರಾಯೋಜಕ ಕಂಪನಿಯ ಹಕ್ಕುಗಳ ನಡುವಿನ ಘರ್ಷಣೆಯಾಗಿ ಕಾಣಿಸಿಕೊಂಡಿದೆ. ಕ್ರೀಡಾಂಗಣಗಳಲ್ಲಿ ಮದ್ಯಕ್ಕೆ ನಿಷೇಧವಿದ್ದ ಬ್ರೆಜಿಲ್, 2014ರ ವಿಶ್ವಕಪ್‌ಗಾಗಿ 2012ರಲ್ಲಿ ವಿಶೇಷ ಕಾನೂನು ಮಾಡಿ ಬಿಯರ್ ಮಾರಾಟಕ್ಕೆ ದಾರಿ ಬಿಟ್ಟಿತು. ಕತಾರ್‌ನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಮೊದಲ ಪಂದ್ಯಕ್ಕೆ ಎರಡು ದಿನ ಮೊದಲು, 2022ರ ನವೆಂಬರ್ 18ರಂದು, ಕ್ರೀಡಾಂಗಣಗಳ ಆವರಣದಲ್ಲಿ ಮದ್ಯ ಮಾರಾಟ ಇರುವುದಿಲ್ಲವೆಂದು ಪ್ರಕಟಿಸಲಾಯಿತು. ಪ್ರೇಕ್ಷಕರಿಗೆ ಮದ್ಯಾಂಶವಿಲ್ಲದ ಬಿಯರ್ ಮಾತ್ರ ದೊರೆಯಿತು.

ಬೆಲೆ

ಕ್ರೀಡಾಂಗಣದೊಳಗಿನ ಬೆಲೆಗಳು ಹೊರಗಿಗಿಂತ ಹೆಚ್ಚಾಗಿರಲು ಮುಖ್ಯ ಕಾರಣ ಸ್ಪರ್ಧೆಯ ಅಭಾವ. ಮಾರುವ ಹಕ್ಕನ್ನು ಪಡೆಯಲು ಗುತ್ತಿಗೆದಾರನು ಸಂಘಟಕರಿಗೆ ದೊಡ್ಡ ಮೊತ್ತವನ್ನೋ ಮಾರಾಟದಲ್ಲಿ ಪಾಲನ್ನೋ ಕೊಡುತ್ತಾನೆ, ಮತ್ತು ಆ ಹೊರೆಯನ್ನು ಬೆಲೆಗೆ ಸೇರಿಸುತ್ತಾನೆ. ವರ್ಷದಲ್ಲಿ ಕೆಲವೇ ದಿನ ತೆರೆಯುವ ಮಳಿಗೆಗೆ ಒಂದು ದಿನದ ಮಟ್ಟಿಗೆ ಸಿಬ್ಬಂದಿಯನ್ನು ಹೊಂದಿಸುವ ಖರ್ಚೂ ಇದೆ. ಊಟದ ಬೆಲೆಯನ್ನು ಏರಿಸಿದರೆ ಟಿಕೆಟ್ಟಿನ ಬೆಲೆಯನ್ನು ತಗ್ಗಿಸಬಹುದು ಎಂಬ ವಾದವನ್ನು ಅರ್ಥಶಾಸ್ತ್ರಜ್ಞರು ಮುಂದಿಡುತ್ತಾರೆ. ಟಿಕೆಟ್ಟುಗಳು ಹೇಗಿದ್ದರೂ ಖಾಲಿಯಾಗುವ ಪಂದ್ಯಗಳಲ್ಲಿ ಈ ವಾದಕ್ಕೆ ಹೆಚ್ಚು ಬಲವಿಲ್ಲ.

ಇದಕ್ಕೆ ಭಿನ್ನವಾದ ದಾರಿಯನ್ನು ಹಿಡಿದ ಉದಾಹರಣೆಗಳೂ ಇವೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ 2017ರಲ್ಲಿ ತೆರೆದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣವು ಹಾಟ್ ಡಾಗ್, ನೀರು ಮತ್ತು ಮತ್ತೆಮತ್ತೆ ತುಂಬಿಸಿಕೊಳ್ಳಬಹುದಾದ ತಂಪು ಪಾನೀಯ ಪ್ರತಿಯೊಂದಕ್ಕೂ ಎರಡು ಡಾಲರ್ ಬೆಲೆಯನ್ನು ನಿಗದಿಪಡಿಸಿತು. ಅದೇ ನಗರದ ಹಳೆಯ ಕ್ರೀಡಾಂಗಣಕ್ಕಿಂತ ಬೆಲೆಗಳು ಸುಮಾರು ಅರ್ಧದಷ್ಟಿದ್ದರೂ, ಪ್ರತಿ ಪ್ರೇಕ್ಷಕನು ಖರ್ಚು ಮಾಡಿದ ಮೊತ್ತವು ಶೇಕಡ 16ರಷ್ಟು ಹೆಚ್ಚಾಯಿತೆಂದು ಸಂಸ್ಥೆಯು ಪ್ರಕಟಿಸಿತು. ಹೊಸ ಕಟ್ಟಡದ ಆಕರ್ಷಣೆಯೂ ಇದರಲ್ಲಿ ಸೇರಿರಬಹುದಾದರೂ, ಬೆಲೆ ಇಳಿಸಿದರೆ ನಷ್ಟವೇ ಗತಿ ಎಂಬ ನಂಬಿಕೆಯನ್ನು ಈ ಪ್ರಯೋಗ ಅಲುಗಾಡಿಸಿತು. ಅಗಸ್ಟಾದ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯಲ್ಲಿ ಪಿಮೆಂಟೋ ಗಿಣ್ಣಿನ ಸ್ಯಾಂಡ್‌ವಿಚ್ ಅನೇಕ ವರ್ಷಗಳಿಂದ ಒಂದೂವರೆ ಡಾಲರಿಗೆ ದೊರೆಯುತ್ತಿದೆ. ವಿಂಬಲ್ಡನ್‌ನಲ್ಲಿ ಸ್ಟ್ರಾಬೆರಿ ಮತ್ತು ಕೆನೆಯ ಬೆಲೆಯು 2010ರಿಂದ 2024ರವರೆಗೆ ಎರಡೂವರೆ ಪೌಂಡಿನಲ್ಲೇ ಇದ್ದು, 2025ರಲ್ಲಿ 20 ಪೆನ್ನಿಯಷ್ಟು ಏರಿತು.

ಬುತ್ತಿಗೆ ಅವಕಾಶವಿರುವ ಕ್ರೀಡಾಂಗಣಗಳು

ಹೊರಗಿನ ಆಹಾರವನ್ನು ಎಲ್ಲ ಕಡೆಯೂ ತಡೆಯಲಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಹೆಚ್ಚಿನ ಮೈದಾನಗಳು ಮನೆಯಿಂದ ತಂದ ತಿಂಡಿ ಮತ್ತು ಮುಚ್ಚಳ ತೆರೆಯದ ನೀರಿನ ಬಾಟಲಿಯನ್ನು ಒಳಗೆ ಬಿಡುತ್ತವೆ. ವಿಂಬಲ್ಡನ್ ಮತ್ತು ಲಾರ್ಡ್ಸ್ ಮೈದಾನಗಳಲ್ಲಿ ಊಟದ ಬುಟ್ಟಿಯನ್ನು ಮಾತ್ರವಲ್ಲದೆ, ಮಿತಿಯೊಳಗೆ ಮದ್ಯವನ್ನೂ ತರಬಹುದು: ಒಬ್ಬರಿಗೆ ಒಂದು ಬಾಟಲಿ ವೈನ್ ಅಥವಾ ಎರಡು ಕ್ಯಾನ್ ಬಿಯರ್. ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗೆ ಮೈದಾನ ಕಾಣುವಲ್ಲಿ ಒಂದು ಗುಟುಕಿಗೂ ಅವಕಾಶವಿಲ್ಲದಿರುವಾಗ ಕ್ರಿಕೆಟ್ ಪ್ರೇಕ್ಷಕನಿಗೆ ಈ ಸೌಲಭ್ಯವಿರುವುದನ್ನು ವರ್ಗಭೇದವೆಂದು ಟೀಕಿಸುವವರಿದ್ದಾರೆ.

ಜಪಾನಿನ ಬೇಸ್‌ಬಾಲ್ ಮೈದಾನಗಳ ವ್ಯವಸ್ಥೆಯು ಗಮನಾರ್ಹವಾಗಿದೆ. ಗಾಜಿನ ಸೀಸೆ ಮತ್ತು ಲೋಹದ ಡಬ್ಬಿಗಳನ್ನು ಒಳಗೆ ಒಯ್ಯುವಂತಿಲ್ಲ. ಆದರೆ ಅವುಗಳಲ್ಲಿದ್ದ ಪಾನೀಯವನ್ನು ಚೆಲ್ಲಿಸುವ ಬದಲು ದ್ವಾರದಲ್ಲೇ ಕಾಗದದ ಲೋಟಕ್ಕೆ ಸುರಿದುಕೊಡುತ್ತಾರೆ. ಅಪಾಯಕಾರಿಯಾದ ಪಾತ್ರೆ ಹೊರಗೆ ಉಳಿಯುತ್ತದೆ, ಪ್ರೇಕ್ಷಕನು ಹಣ ಕೊಟ್ಟು ತಂದ ಪಾನೀಯ ಅವನ ಬಳಿಯೇ ಇರುತ್ತದೆ. ಒಳಗಿನ ವ್ಯಾಪಾರಕ್ಕೂ ಇದರಿಂದ ಧಕ್ಕೆಯಾಗಿಲ್ಲ. ಬೆನ್ನಿಗೆ ಸುಮಾರು 15 ಕಿಲೋಗ್ರಾಂ ತೂಕದ ಬಿಯರ್ ಪೀಪಾಯಿಯನ್ನು ಕಟ್ಟಿಕೊಂಡು ಮೆಟ್ಟಿಲುಗಳನ್ನು ಹತ್ತಿಳಿಯುವ ಯುವತಿಯರು ಅಲ್ಲಿನ ಪಂದ್ಯಗಳ ಪರಿಚಿತ ದೃಶ್ಯ. ಕೋಶಿಯೆನ್ ಮೈದಾನದಲ್ಲಿ ಬೇಸಿಗೆಯ ಶಾಲಾ ಪಂದ್ಯಾವಳಿಯ ಸಂದರ್ಭದಲ್ಲಿ ಚೀಲದಲ್ಲಿ ತುಂಬಿದ ಪುಡಿ ಮಂಜುಗಡ್ಡೆಯನ್ನು ಮಾರುತ್ತಾರೆ. ಅದನ್ನು ಮೊದಲು ಕುತ್ತಿಗೆಗೆ ಒತ್ತಿಕೊಂಡು, ಕರಗಿದ ಮೇಲೆ ಕುಡಿಯುವುದು ವಾಡಿಕೆ.

ಭಾರತದಲ್ಲಿ ಕಾನೂನು ಮತ್ತು ಕುಡಿಯುವ ನೀರು

ಭಾರತದ ಕ್ರಿಕೆಟ್ ಕ್ರೀಡಾಂಗಣಗಳಲ್ಲಿ ಹೊರಗಿನ ಆಹಾರ ಮತ್ತು ನೀರಿನ ಬಾಟಲಿಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಟಿಕೆಟ್ಟಿನ ಷರತ್ತುಗಳಲ್ಲಿ ಇದನ್ನು ನಮೂದಿಸಲಾಗಿರುತ್ತದೆ. ಇದಕ್ಕೆ ಹತ್ತಿರದ ವಿಷಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿ 3ರಂದು ತೀರ್ಪು ನೀಡಿತು. ಹೊರಗಿನ ಆಹಾರವನ್ನು ತಡೆಯಬಾರದೆಂದು ಜಮ್ಮು ಮತ್ತು ಕಾಶ್ಮೀರ ಉಚ್ಚ ನ್ಯಾಯಾಲಯವು ಚಿತ್ರಮಂದಿರಗಳಿಗೆ ಕೊಟ್ಟಿದ್ದ ನಿರ್ದೇಶನವನ್ನು ರದ್ದುಗೊಳಿಸಿ, ತನ್ನ ಆವರಣಕ್ಕೆ ಷರತ್ತು ವಿಧಿಸುವ ಹಕ್ಕು ಮಾಲೀಕನಿಗಿದೆ ಎಂದು ಹೇಳಿತು. ಜೊತೆಗೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕು, ಶಿಶುಗಳಿಗೆ ಬೇಕಾದ ಆಹಾರವನ್ನು ಪಾಲಕರು ತರಲು ಬಿಡಬೇಕು ಎಂಬುದನ್ನೂ ಗಮನಿಸಿತು. ತೀರ್ಪು ಚಿತ್ರಮಂದಿರಗಳ ಕುರಿತಾದುದು. ಆದರೂ ತಡೆಯುವ ಹಕ್ಕಿನ ಜೊತೆಗೇ ಒದಗಿಸುವ ಹೊಣೆಯೂ ಬರುತ್ತದೆ ಎಂಬ ಅದರ ತರ್ಕವು ಬಿಸಿಲಿನಲ್ಲಿ ಇಡೀ ದಿನ ಕೂರಿಸುವ ಕ್ರೀಡಾಂಗಣಕ್ಕೆ ಇನ್ನಷ್ಟು ಸಲ್ಲುತ್ತದೆ.

ಬೆಲೆಯ ವಿಷಯದಲ್ಲಿ, ಕಾನೂನು ಮಾಪನಶಾಸ್ತ್ರ ಅಧಿನಿಯಮ 2009 ಮತ್ತು ಅದರಡಿಯ 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಚಿಲ್ಲರೆ ವ್ಯಾಪಾರಿಯು ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯನ್ನು ಮೀರಿ ಮಾರುವಂತಿಲ್ಲ. ಒಂದೇ ಸರಕಿಗೆ ಬೇರೆಬೇರೆ ಸ್ಥಳಗಳಿಗಾಗಿ ಬೇರೆಬೇರೆ ಗರಿಷ್ಠ ಬೆಲೆ ಮುದ್ರಿಸುವುದನ್ನು 2018ರ ಜನವರಿ 1ರಿಂದ ತಡೆಯಲಾಗಿದೆ. ಹೋಟೆಲುಗಳು ಬಾಟಲಿ ನೀರಿಗೆ ಹೆಚ್ಚಿನ ಬೆಲೆ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ಹೇಳಿದ್ದು, ಅಲ್ಲಿ ಸರಕಿನ ಜೊತೆ ಸೇವೆಯೂ ಸೇರಿದೆ ಎಂಬ ಆಧಾರದ ಮೇಲೆ. ಕಟ್ಟೆಯ ಮೇಲಿಂದ ಕೈಗೆ ಕೊಟ್ಟು ಕಳುಹಿಸುವ ಕ್ರೀಡಾಂಗಣದ ಮಳಿಗೆಗೆ ಆ ತರ್ಕವು ಸುಲಭವಾಗಿ ಹೊಂದುವುದಿಲ್ಲ. ಆದರೆ ಬಾಟಲಿಯನ್ನು ಒಡೆದು ಲೋಟಕ್ಕೆ ಸುರಿದ ನೀರಿನ ಮೇಲೆ ಯಾವ ಮುದ್ರಿತ ಬೆಲೆಯೂ ಇರುವುದಿಲ್ಲ. ಸುರಕ್ಷತೆಗಾಗಿ ಬಂದ ಪದ್ಧತಿಯು ಹೀಗೆ ಬೆಲೆಯ ಮೇಲಿನ ಹಿಡಿತವನ್ನೂ ಸಡಿಲಗೊಳಿಸಿದೆ. ಹೆಚ್ಚಿನ ಬೆಲೆಯ ಕುರಿತ ದೂರುಗಳನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಸಲ್ಲಿಸಬಹುದು. ಮಳಿಗೆಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ 2006ರ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು.

2023ರ ಏಕದಿನ ವಿಶ್ವಕಪ್ ಆರಂಭವಾದಾಗ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಂದಿನ ಕಾರ್ಯದರ್ಶಿ ಜಯ್ ಶಾ, ಎಲ್ಲ ಕ್ರೀಡಾಂಗಣಗಳಲ್ಲಿಯೂ ಪ್ರೇಕ್ಷಕರಿಗೆ ಕುಡಿಯುವ ನೀರನ್ನು ಉಚಿತವಾಗಿ ಕೊಡಲಾಗುವುದೆಂದು ಪ್ರಕಟಿಸಿದರು. ಅದರ ಮರುವರ್ಷ, 2024ರ ಅಕ್ಟೋಬರ್ 24ರಂದು, ಪುಣೆ ಸಮೀಪದ ಗಹುಂಜೆ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್ ಪಂದ್ಯದ ಮೊದಲ ದಿನವೇ ನೀರು ಮುಗಿದುಹೋಯಿತು. ಅಲ್ಲಿನ ಹೆಚ್ಚಿನ ಗ್ಯಾಲರಿಗಳಿಗೆ ಮೇಲ್ಛಾವಣಿ ಇಲ್ಲ. ಬಿಸಿಲಿನಲ್ಲಿ ಬಾಯಾರಿದ ಪ್ರೇಕ್ಷಕರು ಊಟದ ವಿರಾಮದ ಹೊತ್ತಿಗೆ ಸಂಸ್ಥೆಯ ವಿರುದ್ಧ ಘೋಷಣೆ ಕೂಗಿದರು. ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯು ಕ್ಷಮೆ ಕೇಳಿ ಉಚಿತ ನೀರಿನ ವ್ಯವಸ್ಥೆ ಮಾಡಿತು. ಬಾಟಲಿಯನ್ನು ದ್ವಾರದಲ್ಲಿ ಕಸಿದುಕೊಂಡ ಮೇಲೆ ಒಳಗಿನ ಸರಬರಾಜು ನಿಂತರೆ ಪ್ರೇಕ್ಷಕನಿಗೆ ಬೇರೆ ದಾರಿಯಿರುವುದಿಲ್ಲ. ವೃದ್ಧರು, ಮಕ್ಕಳು, ಮಧುಮೇಹಿಗಳು ಮತ್ತು ಹೊತ್ತಿಗೆ ಸರಿಯಾಗಿ ಔಷಧ ತೆಗೆದುಕೊಳ್ಳಬೇಕಾದವರಿಗೆ ಇದು ಕೇವಲ ಅನನುಕೂಲವಲ್ಲ, ಅಪಾಯ.

ಕರ್ನಾಟಕದಲ್ಲಿ

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯವು 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಡೆಯಿತು. ಐದು ದಿನಗಳ ಪಂದ್ಯಕ್ಕೆ ಊಟದ ಮತ್ತು ಚಹಾದ ವಿರಾಮಗಳಿರುವುದರಿಂದ, ಚಿತ್ರಾನ್ನ ಮೊಸರನ್ನಗಳ ಬುತ್ತಿ ಕಟ್ಟಿಕೊಂಡು ಬರುವುದು ದಕ್ಷಿಣ ಭಾರತದ ಟೆಸ್ಟ್ ಪ್ರೇಕ್ಷಕರ ರೂಢಿಯಾಗಿತ್ತು. ಅದೇ ಮೈದಾನದಲ್ಲಿ 2008ರ ಏಪ್ರಿಲ್ 18ರಂದು ಇಂಡಿಯನ್ ಪ್ರೀಮಿಯರ್ ಲೀಗ್‌ನ ಮೊಟ್ಟಮೊದಲ ಪಂದ್ಯ ನಡೆಯಿತು. ಸಂಜೆ ಆರಂಭವಾಗಿ ಮೂರೂವರೆ ಗಂಟೆಗಳಲ್ಲಿ ಮುಗಿಯುವ ಆಟದಲ್ಲಿ ಊಟದ ವಿರಾಮವಿಲ್ಲ. ಕಚೇರಿಯಿಂದ ನೇರವಾಗಿ ಬರುವ ಪ್ರೇಕ್ಷಕನು ಮಳಿಗೆಯನ್ನೇ ಅವಲಂಬಿಸುತ್ತಾನೆ. ಬುತ್ತಿ ಮರೆಯಾದುದಕ್ಕೆ ದ್ವಾರದ ತಪಾಸಣೆಯಷ್ಟೇ ಆಟದ ಅವಧಿಯೂ ಕಾರಣ.

ಗೋಡೆ ಮತ್ತು ದ್ವಾರಗಳಿಲ್ಲದ ಆಟಗಳಲ್ಲಿ ಪರಿಸ್ಥಿತಿ ಬೇರೆ. ಕರಾವಳಿಯ ಕಂಬಳದ ಗದ್ದೆಗಳ ಸುತ್ತ ಚರುಮುರಿ, ಕಬ್ಬಿನ ಹಾಲು, ಐಸ್‌ಕ್ರೀಮ್ ಮಾರುವವರು ಸಾಲಾಗಿ ನಿಲ್ಲುತ್ತಾರೆ. ಊರಿನ ಕಬಡ್ಡಿ ಪಂದ್ಯಾವಳಿ, ಜಾತ್ರೆಯ ಕುಸ್ತಿಗಳಲ್ಲೂ ಹೀಗೆಯೇ. ಒಬ್ಬನ ಬೆಲೆ ಹೆಚ್ಚೆನಿಸಿದರೆ ಪಕ್ಕದವನಲ್ಲಿಗೆ ಹೋಗಬಹುದಾದ್ದರಿಂದ ಬೆಲೆಗಳು ಪೇಟೆಯ ಬೆಲೆಯ ಸಮೀಪವೇ ಇರುತ್ತವೆ.

ತ್ಯಾಜ್ಯ

ಲೋಟ, ತಟ್ಟೆ ಮತ್ತು ಪೊಟ್ಟಣಗಳು ಕ್ರೀಡಾಂಗಣದ ತ್ಯಾಜ್ಯದ ದೊಡ್ಡ ಭಾಗವಾಗಿವೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ಮತ್ತು ಹೀರುಗೊಳವೆಗಳ ಮೇಲೆ ದೇಶಾದ್ಯಂತ ನಿಷೇಧ ಜಾರಿಗೆ ಬಂದಿತು. ಬಾಟಲಿಗೆ ಬದಲಾಗಿ ಲೋಟದಲ್ಲಿ ನೀರು ಕೊಡುವ ಭಾರತೀಯ ಕ್ರೀಡಾಂಗಣಗಳು ಇದರಿಂದಾಗಿ ಕಾಗದದ ಲೋಟಗಳತ್ತ ಹೊರಳಬೇಕಾಯಿತು. ಪಾನೀಯಕ್ಕೆ ಠೇವಣಿ ಸೇರಿಸಿ, ಗಟ್ಟಿ ಲೋಟವನ್ನು ಹಿಂದಿರುಗಿಸಿದಾಗ ಹಣ ಮರಳಿಸುವ ಪದ್ಧತಿಯು ಜರ್ಮನಿಯ ಅನೇಕ ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿದೆ. ವಿಶ್ವಕಪ್ ಪಂದ್ಯಗಳ ನಂತರ ತಮ್ಮ ಗ್ಯಾಲರಿಯ ಕಸವನ್ನು ತಾವೇ ಚೀಲಗಳಲ್ಲಿ ತುಂಬಿಟ್ಟು ಹೋಗುವ ಜಪಾನಿನ ಅಭಿಮಾನಿಗಳ ರೂಢಿಯು, ಆ ದೇಶ ಮೊದಲ ಬಾರಿಗೆ ಆಡಿದ 1998ರ ವಿಶ್ವಕಪ್‌ನಿಂದಲೂ ಗಮನ ಸೆಳೆದಿದೆ.